ಅಂಟಿಕೊಂಡ ಕೊನೆಯ ಅಧ್ಯಾಯ

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ಚಳಿಗಾಲದಲ್ಲಿ, ಒಬ್ಬ ಅಜ್ಜಿಯಿದ್ದಳು. ಅವಳಿಗೆ ಹೊಟ್ಟೆ ತುಂಬ ಕಥೆ, ಬಾಯಿ ತುಂಬ ಮಾತು, ಎದೆಯೊಳಗೆ ಮಾತ್ರ ಸರಿಯಾಗಿ ಮುಚ್ಚಿಕೊಳ್ಳದ ಒಂದು ಕವಾಟ. ಆ ಅಜ್ಜಿಗೆ ಒಬ್ಬಳು ಮೊಮ್ಮಗಳು. ತಾಯಿಯಿಲ್ಲದ ಆ ಮಗುವನ್ನು ಅಜ್ಜಿ ಹಾಲು ಕುಡಿಸಿ ಬೆಳೆಸಿದ್ದಕ್ಕಿಂತ ಕಥೆ ಕುಡಿಸಿ ಬೆಳೆಸಿದ್ದೇ ಹೆಚ್ಚು. ಹಾಗಾಗಿ ಹುಡುಗಿಯ ಕಾಲು ನೆಲದ ಮೇಲಿದ್ದರೂ ತಲೆ ಸದಾ ಮೋಡದಲ್ಲಿ. ಅಜ್ಜಿ ಅವಳನ್ನು ಕರೆಯುತ್ತಿದ್ದದ್ದೇ ‘ಮುಗಿಲಿ’ ಎಂದು. ಒಲೆಯ ಮೇಲೆ ಹಾಲು ಉಕ್ಕಿ ಹರಿದಾಗಲೆಲ್ಲ ಸೋದರಮಾವ ಮಾತ್ರ ‘ಮೋಡದ ಮಹಾರಾಣಿ’ ಎಂದು ಕೈಮುಗಿಯುತ್ತಿದ್ದ.

ಅವರ ಮನೆಯಲ್ಲಿ ಕಥೆಗೊಂದು ಕಟ್ಟುಪಾಡಿತ್ತು. ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತರೆ ಕಥೆಯೂ ನಿಂತಂತೆ. ಹೂಂ ಸಣ್ಣಗಾದರೆ ಅಜ್ಜಿ ಕಿವಿ ಹಿಂಡಿ ಎಬ್ಬಿಸುತ್ತಿದ್ದಳು, ಏಕೆಂದರೆ ಶುರುವಾದ ಕಥೆ ಮುಗಿಯದೆ ಯಾರೂ ನಿದ್ದೆ ಹೋಗುವಂತಿರಲಿಲ್ಲ. ಅರ್ಧ ಕಥೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಮಲಗಿದರೆ ಕಥೆಯೊಳಗಿನವರು ಕನಸಿಗೆ ಬಂದು ‘ನಮ್ಮ ಗತಿ ಏನಾಯ್ತು ಹೇಳ್ರಪ್ಪಾ’ ಎಂದು ಬಾಗಿಲು ಬಡಿಯುತ್ತಾರಂತೆ. ಎಲ್ಲ ಮುಗಿದ ಮೇಲೆ ಅಜ್ಜಿ ಮುದ್ರೆಯೊತ್ತಿದ ಹಾಗೆ ಒಂದು ಮಾತು ಹೇಳುತ್ತಿದ್ದಳು: “ಕಥೆಗೆ ಅಗುಳಿ ಹಾಕಿದೆ, ನಿದ್ದೆಗೆ ಬಾಗಿಲು ತೆಗೆದೆ.” ಅಷ್ಟು ಕೇಳಿದರೆ ಸಾಕು, ಮುಗಿಲಿಯ ಕಣ್ಣು ತಾನಾಗಿ ಮುಚ್ಚುತ್ತಿತ್ತು.

ಈಗ ಕಾಲ ತಿರುಗಿತ್ತು. ಅಜ್ಜಿಯ ಕಣ್ಣು ಮಂಜಾಗಿ, ಓದುವ ಕೆಲಸ ಮುಗಿಲಿಯ ಪಾಲಿಗೆ, ಹೂಂಗುಟ್ಟುವ ಕೆಲಸ ಅಜ್ಜಿಯ ಪಾಲಿಗೆ ಬಂದಿತ್ತು.

ಮುಗಿಲಿಗೆ ಕೆಲಸ ಒಂದು ಬಾಡಿಗೆ ಪುಸ್ತಕಗಳ ಲೈಬ್ರರಿಯಲ್ಲಿ. ಸೈಕಲ್ ರಿಪೇರಿ ಅಂಗಡಿಯ ಮಾಳಿಗೆಯ ಮೇಲೆ ಎರಡು ಕೋಣೆ, ಮರದ ಮೆಟ್ಟಿಲು, ಕೆಳಗಿನಿಂದ ಸದಾ ಪಂಪಿನ ಸದ್ದು ಮತ್ತು ರಬ್ಬರಿನ ವಾಸನೆ. ಅಲ್ಲಿನ ಯಜಮಾನರದ್ದು ಒಂದು ವಿಚಿತ್ರ ಪದ್ಧತಿ. ಪ್ರತಿ ಪುಸ್ತಕದ ಕೊನೆಗೊಂದು ಖಾಲಿ ಹಾಳೆ ಅಂಟಿಸಿಟ್ಟಿರುತ್ತಿದ್ದರು. ಓದಿದವರು ಅದರ ಮೇಲೆ ತಮ್ಮ ಅಭಿಪ್ರಾಯ ಬರೆಯಬೇಕು. ಬರೆಯದಿದ್ದರೆ ಮುಂದಿನ ಪುಸ್ತಕವಿಲ್ಲ. ಏನು ಬೇಕಾದರೂ ಬರೆಯಬಹುದು, ಬೈಯಬಹುದು, ಲೇಖಕರ ಮನೆತನದವರೆಗೂ ಹೋಗಬಹುದು. ಒಂದನ್ನು ಮಾತ್ರ ಬರೆಯುವಂತಿಲ್ಲ. ಕಥೆಯ ಕೊನೆ. ಕೊನೆ ಬಿಟ್ಟುಕೊಟ್ಟವರ ಸಾಲಿನ ಮೇಲೆ ಯಜಮಾನರು ತಾವೇ ಕಪ್ಪು ಮಸಿ ಬಳಿಯುತ್ತಿದ್ದರು. ಇನ್ನು ಅವರೋ, ಪುಸ್ತಕ ಓದಿದವರೇ ಅಲ್ಲ. “ಪುಸ್ತಕ ಬರೆದೋನು ಒಬ್ಬ, ಓದಿದೋರು ನೂರು ಜನ. ಯಾರ ಮಾತು ಕೇಳ್ಬೇಕು ಹೇಳು?” ಎಂದು ಬರೀ ಅಭಿಪ್ರಾಯದ ಹಾಳೆಗಳನ್ನೇ ಓದಿ ನಗುತ್ತ ಕೂತಿರುತ್ತಿದ್ದರು.

ಲೈಬ್ರರಿಯಲ್ಲಿ ಅತಿ ಹೆಚ್ಚು ಅಭಿಪ್ರಾಯ ಹೊತ್ತ ಪುಸ್ತಕ ‘ಎಚ್ಚರದ ಕೋಣೆ’. ಆಸ್ಪತ್ರೆಯೊಳಗಿನ ಒಂದು ಪತ್ತೇದಾರಿ ಕಾದಂಬರಿ. ಒಂದರ ಮೇಲೊಂದು ಹಾಳೆ ಅಂಟಿಸಿ ಅಂಟಿಸಿ ಅದರ ಬೆನ್ನು ಗೂನಾಗಿತ್ತು.

‘ಓದಲು ಕೂತೆ, ಹಾಲು ಉಕ್ಕಿತು. ಬಿಡದೆ ಓದಿದೆ, ನಮ್ಮ ಮನೆಯವರು ಉಕ್ಕಿದರು. ಆದರೂ ಓದಿ’ ಎಂದು ಒಬ್ಬ ಗೃಹಿಣಿ.

‘ಪುಟ ಎಂಬತ್ತರಲ್ಲಿ ಡಾಕ್ಟರು ಗೌನಿನ ದಾರವನ್ನು ಮುಂದೆ ಕಟ್ಟಿಕೊಳ್ಳುತ್ತಾರೆ. ಆಪರೇಷನ್ ಗೌನಿಗೆ ದಾರ ಹಿಂದೆ. ಲೇಖಕರು ಆಸ್ಪತ್ರೆಯ ಗೇಟು ಕೂಡ ದಾಟಿಲ್ಲ’ ಎಂದು ಟೈಲರಮ್ಮ.

‘ಇಷ್ಟು ಔಷಧಿ ಕೊಟ್ಟರೆ ಆನೆಯೂ ಏಳುವುದಿಲ್ಲ’ ಎಂದು ಔಷಧಿ ಅಂಗಡಿಯವನು.

‘ಕೊನೆ ಸರಿಯಿಲ್ಲ.’ ಅದರ ಕೆಳಗೇ ಇನ್ನೊಂದು ಕೈಬರಹ: ‘ಕೊನೆ ಅಂದರೆ ಇದು!’ ಅದರ ಕೆಳಗೆ ಮೊದಲಿನ ಕೈಬರಹವೇ: ‘ನಿಮಗೆ ಬುದ್ಧಿಯಿಲ್ಲ.’

ಅಜ್ಜಿಗೆ ಆಪರೇಷನ್ ಆಗಲೇಬೇಕು, ಕವಾಟ ಬದಲಾಯಿಸಬೇಕು ಎಂದು ಗೊತ್ತಾದ ವಾರ ಮುಗಿಲಿ ಮನೆಗೆ ಹೊತ್ತು ತಂದದ್ದು ಇದನ್ನೇ. ಬೇಕೆಂದು ತಂದದ್ದಲ್ಲ. ಹೆಸರು ಕೇಳಿ ಅಜ್ಜಿಯೇ ಹಟ ಹಿಡಿದಳು. “ಎಚ್ಚರ ಆಗೋ ಕೋಣೆ ಕಥೆ ತಾನೇ? ಅದೇ ಇರ್ಲಿ. ಎಚ್ಚರ ಆಗುತ್ತೆ ಅಂತ ಗೊತ್ತಾದ್ರೆ ಮಲಗೋಕೆ ಧೈರ್ಯ ಬರುತ್ತೆ.” ಮುಗಿಲಿಗೂ ಹಾಗೇ ಅನ್ನಿಸಿತು. ಯಾರೋ ಬಿಳಿ ಪರದೆಯ ಹಿಂದೆ ಕಣ್ಣು ಬಿಡುತ್ತಾರೆ, ಕಿಟಕಿಯಲ್ಲಿ ಬಿಸಿಲಿರುತ್ತದೆ, ಇನ್ನೇನು ಇರುತ್ತದೆ?

ಇದ್ದದ್ದು ಬೇರೆಯೇ. ಕಥೆಯಲ್ಲಿ ಒಂದು ಆಸ್ಪತ್ರೆ. ಅಲ್ಲಿನ ಒಂದು ಆಪರೇಷನ್ ಕೋಣೆಗೆ ಹೋದವರು ಆಪರೇಷನ್ ಚೆನ್ನಾಗಿ ಆದರೂ ಎಚ್ಚರಗೊಳ್ಳುವುದಿಲ್ಲ. ಮಂಪರು ಕೊಡುವ ಡಾಕ್ಟರು ಮೆಲುದನಿಯವರು. “ಹತ್ತರಿಂದ ಹಿಂದಕ್ಕೆ ಎಣಿಸಿ” ಎನ್ನುತ್ತಾರೆ, ಎಣಿಸುತ್ತ ಎಣಿಸುತ್ತ ಮುಳುಗಿದವರು ಮೇಲೆ ಬರುವುದಿಲ್ಲ. ಒಬ್ಬ ಎಳೆಯ ನರ್ಸಿಗೆ ಅನುಮಾನ. ಅವಳು ಬೆನ್ನು ಹತ್ತುತ್ತಾಳೆ. ಕೊನೆಯ ಅಧ್ಯಾಯಕ್ಕೆ ಮುಂಚೆ ಅವಳಿಗೇ ಹೊಟ್ಟೆನೋವು ಬಂದು ಅದೇ ಕೋಣೆ, ಅದೇ ಟೇಬಲ್, ಮುಖದ ಮೇಲೆ ಅದೇ ಮುಖವಾಡ, ಮೇಲೆ ಬಗ್ಗಿದ ಅದೇ ಮೆಲುದನಿ. ‘ಹತ್ತು’ ಎಂದಳು. ‘ಒಂಬತ್ತು’ ಎಂದಳು. ‘ಎಂಟು’ ಎಂದಳು. ಅಧ್ಯಾಯ ಮುಗಿಯಿತು.

“ಹೂಂ! ಹೂಂ! ಆಮೇಲೆ?” ಎಂದು ಅಜ್ಜಿ ದಿಂಬು ಬಿಟ್ಟು ಎದ್ದು ಕೂತಳು.

ಮುಗಿಲಿ ಪುಟ ತಿರುಗಿಸಲು ಹೋದಳು. ಪುಟ ತಿರುಗಲಿಲ್ಲ.

ಅದರ ಕಾರಣ ಹೊರಗೆ ಎಲ್ಲೂ ಹುಡುಕಬೇಕಿರಲಿಲ್ಲ. ಹೋದ ತಿಂಗಳು ಹೊಸ ಅಭಿಪ್ರಾಯದ ಹಾಳೆ ಅಂಟಿಸಿದವಳು ಅವಳೇ. ಅಂಚಿಗಷ್ಟೇ ಸವರಬೇಕಾದ ಮೈದಾ ಅಂಟನ್ನು, ಆ ಹೊತ್ತಿಗೆ ಯಾವ ಏಳು ಕಡಲಿನಾಚೆ ತೇಲುತ್ತಿದ್ದಳೋ, ಕೈತುಂಬ ಸುರಿದು, ಮೇಲೆ ಕಲ್ಲು ಹೇರಿ, ಮನೆಗೆ ಹೋಗಿದ್ದಳು. ನೀರಾಗಿದ್ದ ಅಂಟು ಒಳಗೆ ಇಳಿದಿತ್ತು. ಕೊನೆಯ ಅಧ್ಯಾಯದ ಹಾಳೆಗಳೆಲ್ಲ ಒಂದಕ್ಕೊಂದು ಹತ್ತಿ, ಒಣಗಿ, ಬಡಗಿ ಕೊಯ್ದ ಹಲಗೆಯ ಹಾಗೆ ಗಟ್ಟಿಯಾಗಿದ್ದವು. ಬೆರಳಿಂದ ತಟ್ಟಿದರೆ ಟಕಟಕ ಎನ್ನುತ್ತಿದ್ದವು.

“ಅದೇನೇ ಸದ್ದು?” ಎಂದಳು ಅಜ್ಜಿ.

“ಕಥೆ ಅಜ್ಜಿ... ಬಾಗಿಲು ಹಾಕ್ಕೊಂಡಿದೆ.”

ಹೇರ್‌ಪಿನ್ನಿನಿಂದ ಮೆಲ್ಲಗೆ ಎಬ್ಬಿಸಿ ನೋಡಿದಳು. ಒಂದು ಮೂಲೆ ಹರಿದು, ನಾಲ್ಕು ಅಕ್ಷರ ಚರ್ಮ ಸುಲಿದ ಹಾಗೆ ಎದ್ದುಬಂದವು. ಹೆದರಿ ಕೈ ತೆಗೆದಳು. ಯಜಮಾನರು ಮಗಳ ಬಾಣಂತನಕ್ಕೆಂದು ಬೇರೆ ಊರಿಗೆ ಹೋಗಿದ್ದರು. ಫೋನಿನಲ್ಲಿ ಅವರು, “ಕೈ ಹಚ್ಚಬೇಡ ಮಹಾತಾಯಿ! ಎಳೆದ್ರೆ ಅಕ್ಷರ ಎದ್ದುಬರುತ್ತೆ. ನಾನು ಬಂದು ಆವಿ ಹಿಡಿದು ಬಿಡಿಸ್ತೀನಿ. ಆಚೆ ನಾಡಿದ್ದು ಬರ್ತೀನಿ” ಎಂದರು.

“ಕೊನೆ ಏನಂತ ನಿಮ್ಗೆ...”

“ನಾನೆಲ್ಲಿ ಓದಿದೀನಮ್ಮ?”

ಇನ್ನೊಂದು ಪ್ರತಿ ಎಲ್ಲೂ ಸಿಗಲಿಲ್ಲ. ಅಚ್ಚು ಹಾಕಿದವರು ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಫೋನಿನಲ್ಲಿ ಹೆಸರು ಹಾಕಿ ಹುಡುಕಿದರೆ ಹಾಸಿಗೆ ಮಾರುವವರ ಜಾಹೀರಾತು ಬಂತು.

ಮರುದಿನ ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿದರು. ಹಸಿರು ಬಣ್ಣದ ಗೋಡೆ, ಎತ್ತರದ ಕಬ್ಬಿಣದ ಮಂಚ, ಕಿಟಕಿಯಾಚೆ ನೀರಿನ ಟ್ಯಾಂಕು. ಸೋದರಮಾವ ಕಾಗದಗಳ ಕಟ್ಟು ಹಿಡಿದು ಆ ಕೌಂಟರಿನಿಂದ ಈ ಕೌಂಟರಿಗೆ ಓಡಾಡಿ ಬೆವತಿದ್ದ. ಕೊನೆಗೆ ಮಂಪರು ಕೊಡುವ ಡಾಕ್ಟರು ಬಂದರು. ಸಣ್ಣ ಆಳು. ಮಂಚದ ಪಕ್ಕ ಬಗ್ಗಿ, ಹತ್ತಿ ಮುಟ್ಟಿದ ಹಾಗೆ ಮೆಲ್ಲಗೆ ಹೇಳಿದರು:

“ಏನೂ ಹೆದರ್ಕೋಬೇಡಿ ಅಮ್ಮಾ. ನೋವೇ ಗೊತ್ತಾಗಲ್ಲ. ನೀವು ಹತ್ತರಿಂದ ಹಿಂದಕ್ಕೆ ಎಣಿಸ್ತಾ ಹೋಗಿ, ಅಷ್ಟೇ.”

ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಲೆಂದು ಮಗನ ಕೈಯಿಂದ ತೆಗೆದುಕೊಂಡಿದ್ದ ಪೆನ್ನಿಗೆ ಅಜ್ಜಿ ಸಹಿ ಹಾಕದೆಯೇ ಮುಚ್ಚಳ ಹಾಕಿದಳು. ಹಿಂದಕ್ಕೆ ಕೊಟ್ಟಳು.

ಡಾಕ್ಟರು ಹೋದ ಮೇಲೆ ಸೋದರಮಾವ ತಲೆ ಚಚ್ಚಿಕೊಂಡ. “ಅಮ್ಮಾ, ಅದು ಕಥೆ! ಯಾರೋ ಕೂತು ಬರೆದಿದ್ದು! ನಿನಗೆ ಬುದ್ಧಿ ಬೇಡ್ವಾ?”

“ಕಥೆ ಅಂತ ನಿನಗಿಂತ ಚೆನ್ನಾಗಿ ನನಗೆ ಗೊತ್ತು ಕಣೋ. ನಿನ್ನ ಸಾಕಿದ್ದೂ ಕಥೆ ಹೇಳಿಯೇ. ಆದ್ರೆ ಆ ಹುಡುಗಿ ಇನ್ನೂ ಟೇಬಲ್ ಮೇಲೇ ಮಲಗಿದ್ದಾಳಲ್ಲೋ. ಎಂಟು ಅಂದೋಳು ಹಾಗೇ ಇದ್ದಾಳೆ. ಅವಳನ್ನ ಅಲ್ಲಿ ಬಿಟ್ಟು ನಾನು ಹೆಂಗೆ ಮಲಗ್ಲಿ? ಕೊನೆ ಕೇಳ್ತೀನಿ, ಸಹಿ ಹಾಕ್ತೀನಿ. ಅದು ಒಳ್ಳೇದಾದ್ರೂ ಸರಿ, ಕೆಟ್ಟದ್ದಾದ್ರೂ ಸರಿ.”

“ಡಾಕ್ಟ್ರು ನಾಳೆ ಮಧ್ಯಾಹ್ನದವರೆಗೂ ಕಾಯ್ತಾರೆ ಅಷ್ಟೇ. ಆಮೇಲೆ ಉಸಿರು ಹಿಡಿದ್ರೆ?”

ಅವನು ಹೇಳಿದ್ದು ಅಜ್ಜಿಗೆ, ನೋಡಿದ್ದು ಮುಗಿಲಿಯನ್ನು. ಮುಗಿಲಿ ಮಂಚದ ಕಂಬಿ ಹಿಡಿದು ನಿಂತಿದ್ದಳು. ಬಾಯಿಂದ ಮಾತು ತಾನಾಗಿ ಬಿತ್ತು: “ಅಜ್ಜಿ, ನೀನು ಮಲಗೋಕೆ ಮುಂಚೆ ಕೊನೆ ತಂದು ಹೇಳ್ತೀನಿ. ನನ್ನಾಣೆ.”

“ಆಣೆ ಇಟ್ಟೆಯಲ್ಲ, ಹೋಗು,” ಎಂದಳು ಅಜ್ಜಿ. “ದಾರಿಯಲ್ಲಿ ಮೋಡ ನೋಡ್ತಾ ನಿಲ್ಲಬೇಡ.”

ಅಂದು ಮಧ್ಯಾಹ್ನವೆಲ್ಲ ಮುಗಿಲಿ ಗೂನು ಬೆನ್ನಿನ ಆ ಪುಸ್ತಕವನ್ನು ಎದೆಗವಚಿಕೊಂಡು ಅಭಿಪ್ರಾಯ ಬರೆದವರ ಮನೆ, ಅಂಗಡಿ ಅಲೆದಳು. ಓದಿದವರು ಇಷ್ಟು ಜನರಿರುವಾಗ ಕೊನೆ ಹೇಳಲು ಒಬ್ಬರಿಗಾದರೂ ಬಾರದೇ ಎಂದು ಅವಳ ಲೆಕ್ಕ.

ಮೊದಲು ಟೈಲರಮ್ಮ. ಹೊಲಿಗೆ ಯಂತ್ರದ ಮುಂದೆ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ಕೂತಿದ್ದಳು. “ಅಯ್ಯೋ, ಆ ಡಾಕ್ಟರೇ ಕೊಲೆಗಾರ! ಇನ್ಯಾರು? ಗೌನಿನ ದಾರ ಮುಂದೆ ಕಟ್ಟೋ ಮನುಷ್ಯ ನೆಟ್ಟಗಿರ್ತಾನೇನೇ?”

“ನರ್ಸ್ ಎದ್ದಳಾ ಅಕ್ಕಾ?”

“ಎದ್ದಳು ಅಂತ ಕಾಣುತ್ತೆ... ಇಲ್ಲ, ಏಳಲಿಲ್ಲ. ಎದ್ದಿದ್ರೆ ಅವಳಿಗೆ ಮದುವೆ ಆಗಿರೋದು. ಮದುವೆ ಬಟ್ಟೆ ಓದಿದ ನೆನಪಿಲ್ಲ ನನಗೆ.”

ಔಷಧಿ ಅಂಗಡಿಯವನು ಚೀಟಿ ನೋಡುತ್ತ, ಮಾತ್ರೆ ಕತ್ತರಿಸುತ್ತ ಹೇಳಿದ: “ನಾನು ಓದಿದ್ದು ಅರ್ಧ. ಆ ಔಷಧಿ ಪ್ರಮಾಣ ನೋಡಿದ ಮೇಲೆ ಪುಸ್ತಕ ಮುಚ್ಚಿಬಿಟ್ಟೆ.”

“ಮತ್ತೆ ಅಭಿಪ್ರಾಯ ಬರೆದಿದ್ದೀರಿ?”

“ಬರೀದಿದ್ರೆ ನಿಮ್ಮ ಯಜಮಾನ್ರು ಇನ್ನೊಂದು ಪುಸ್ತಕ ಕೊಡ್ತಾರೇನಮ್ಮ?”

ಇನ್ನು ಉಳಿದದ್ದು ‘ಕೊನೆ ಅಂದರೆ ಇದು!’ ಎಂದು ಬರೆದ ನಿವೃತ್ತ ಮೇಷ್ಟ್ರು. ಮುಗಿಲಿಗೆ ಅವರ ಮೇಲೆ ಬಹಳ ಆಸೆ. ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚಿ ಅವರು ಬಹಳ ಹೊತ್ತು ನೆನಪು ಮಾಡಿಕೊಂಡರು. “ಡಾಕ್ಟರು ದೇವರಂಥವನು. ತಪ್ಪೆಲ್ಲ ಆಸ್ಪತ್ರೆ ಧಣಿಯದ್ದು. ಕೊನೆಗೆ ಧಣಿ ಹಡಗು ಹತ್ತಿ ಓಡಿಹೋಗ್ತಾನೆ. ಸಮುದ್ರದ ವರ್ಣನೆ, ಆಹಾ!”

“ಇದರಲ್ಲಿ ಸಮುದ್ರ ಇಲ್ಲ ಮೇಷ್ಟ್ರೇ.”

“ಇಲ್ವಾ?” ಅವರ ಮುಖ ಸಣ್ಣಗಾಯಿತು. “ಹಾಗಾದ್ರೆ ಅದು ಬೇರೆ ಪುಸ್ತಕ. ಎಷ್ಟು ಓದಿದೀನಿ ಅಂತ ಹೇಳ್ಲಿ ಮಗು, ಎಲ್ಲ ಒಂದರೊಳಗೊಂದು ಸೇರ್ಕೊಂಡುಬಿಟ್ಟಿದೆ.”

‘ಕೊನೆ ಸರಿಯಿಲ್ಲ’ ಎಂದು ಬರೆದವರು ಯಾರೆಂದು ಕೇಳಿದಾಗ ಒಳಗಿನಿಂದ ಮೇಷ್ಟ್ರ ಹೆಂಡತಿಯ ದನಿ ಬಂತು: “ನಾನೇ. ಅದು ಏನಂತ ನನಗೂ ನೆನಪಿಲ್ಲ. ಸರಿಯಿಲ್ಲ ಅನ್ನೋದು ಮಾತ್ರ ಚೆನ್ನಾಗಿ ನೆನಪಿದೆ.”

ಮುಗಿಲಿ ರಸ್ತೆಗೆ ಬಂದು ನಿಂತಳು. ಬಸ್ಸುಗಳು ಹೋಗುತ್ತಿದ್ದವು. ಇಷ್ಟು ಜನ ಓದಿದ್ದಾರೆ, ಇಷ್ಟು ಜನ ಬರೆದಿದ್ದಾರೆ. ಆ ನರ್ಸು ಎದ್ದಳೋ ಇಲ್ಲವೋ ಎಂದು ಹೇಳುವವರು ಮಾತ್ರ ಒಬ್ಬರೂ ಇಲ್ಲ. ಹಲಗೆಯಂತಾದ ಹಾಳೆಗಳನ್ನು ಕಿವಿಗಿಟ್ಟು ಅಲುಗಿಸಿ ನೋಡಿದಳು, ಒಳಗೆ ಯಾರಾದರೂ ಇದ್ದಾರೇನೋ ಎಂಬಂತೆ.

ಮರುದಿನ ಬೆಳಗ್ಗೆ ಅವಳು ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು, ಪುಸ್ತಕ ತೆರೆದು, ತೆರೆಯದ ಹಾಳೆಯ ಮೇಲೆ ಕಣ್ಣಿಟ್ಟು ಓದಲು ಶುರುಮಾಡಿದಳು. ಮಂಪರು ಇಳಿಯಿತು. ನರ್ಸು ಕಣ್ಣು ಬಿಟ್ಟಳು. ಕಿಟಕಿಯಲ್ಲಿ ಬಿಸಿಲಿತ್ತು. ಮೆಲುದನಿಯ ಡಾಕ್ಟರು ಅವಳ ಕೈ ಹಿಡಿದು, ‘ತಪ್ಪು ನನ್ನದಲ್ಲ, ಔಷಧಿಯಲ್ಲಿ ವಿಷ ಬೆರೆಸಿದ ದುಷ್ಟ ಸಿಕ್ಕಿಬಿದ್ದ’ ಎಂದರು...

ಹೂಂ ಬರಲಿಲ್ಲ. ಮುಗಿಲಿ ಓದುತ್ತಲೇ ಹೋದಳು. ಹೂಂ ಬರಲೇ ಇಲ್ಲ. ತಲೆ ಎತ್ತಿದಳು.

ಅಜ್ಜಿ ಮಂಜುಗಣ್ಣಿನಿಂದ ಅವಳನ್ನೇ ನೋಡುತ್ತಿದ್ದಳು. ಸಿಟ್ಟಿರಲಿಲ್ಲ. “ಚೆನ್ನಾಗಿ ಕಟ್ತೀಯ ಕಣೇ. ನನ್ನ ಮೊಮ್ಮಗಳಲ್ವಾ. ಆದ್ರೆ ಅದು ಈ ಕಥೆ ಅಲ್ಲ.”

“ಹೆಂಗೆ ಗೊತ್ತಾಯ್ತು?”

“ಪುಟ ತಿರುಗಿಸಿದ ಸದ್ದೇ ಬರ್ಲಿಲ್ಲವಲ್ಲೇ.”

ಮುಗಿಲಿ ಮಂಚದ ಅಂಚಿಗೆ ಹಣೆ ಹಚ್ಚಿದಳು. ಅಜ್ಜಿಯ ಕೈ ಬಂದು ಅವಳ ಕೂದಲ ಮೇಲೆ ಕೂತಿತು. ಆ ಕೈಯಲ್ಲಿ ಸೂಜಿ ಚುಚ್ಚಿ ಪ್ಲಾಸ್ಟರ್ ಹಾಕಿದ್ದರು. “ಅಳಬೇಡ. ನಿಮ್ಮ ಯಜಮಾನ್ರು ಬರ್ಲಿ, ಬಿಡಿಸ್ಲಿ. ಒಂದು ದಿನ ಹೆಚ್ಚು ಕಾದ್ರೆ ನನ್ನೆದೆ ಏನು ಓಡಿಹೋಗುತ್ತಾ?”

ಎದೆ ಕಾಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅಜ್ಜಿಗೆ ಉಸಿರು ಕಟ್ಟತೊಡಗಿತು. ತುಟಿ ನೀಲಿಯಾಯಿತು. ಓಡಾಟ ಶುರುವಾಯಿತು, ಚಕ್ರಗಳ ಸದ್ದು, ಚಪ್ಪಲಿಗಳ ಸದ್ದು, ಯಾರೋ ಮುಗಿಲಿಯನ್ನು ಭುಜ ಹಿಡಿದು ಪಕ್ಕಕ್ಕೆ ಸರಿಸಿದರು. ಸೋದರಮಾವ ಗೋಡೆಗೆ ಕಾಗದ ಒತ್ತಿ ಹಿಡಿದು ಸಹಿ ಹಾಕಿದ. ಅಜ್ಜಿ ತಡೆಯಲಿಲ್ಲ. ತಡೆಯಲು ಉಸಿರಿರಲಿಲ್ಲ.

ಆಪರೇಷನ್ ಕೋಣೆಯ ಬಾಗಿಲಲ್ಲಿ ಗಾಡಿ ಒಂದು ಕ್ಷಣ ನಿಂತಿತು. ಅಜ್ಜಿ ಮೂಗಿನ ಮೇಲಿಟ್ಟಿದ್ದ ಉಸಿರಿನ ಮುಖವಾಡವನ್ನು ತಾನೇ ಸರಿಸಿ ಮುಗಿಲಿಯನ್ನು ಹತ್ತಿರ ಕರೆದಳು.

“ನೀನು ಆಣೆ ಇಟ್ಟಿದ್ದೀಯ.”

“ಹೂಂ ಅಜ್ಜಿ.”

“ಮಲಗೋಕೆ ಮುಂಚೆ ಆಗ್ಲಿಲ್ಲ. ಹೋಗ್ಲಿ. ಎದ್ದ ಮೇಲೆ ಹೇಳು. ನಾನು... ಹೂಂ ಅನ್ನೋದನ್ನ ಬಾಯಲ್ಲೇ ಇಟ್ಕೊಂಡಿರ್ತೀನಿ.”

ಬಾಗಿಲು ಅತ್ತಿತ್ತ ಆಡಿ ನಿಂತಿತು. ಬಾಗಿಲಾಚೆಯಿಂದ ಮೆಲುದನಿಯೊಂದು ‘ಹತ್ತು’ ಎಂದದ್ದು ಕೇಳಿಸಿತೋ, ಕೇಳಿಸಿದಂತಾಯಿತೋ, ಮುಗಿಲಿಗೆ ತಿಳಿಯಲಿಲ್ಲ.

ಆಪರೇಷನ್ ಚೆನ್ನಾಗಿ ಆಯಿತು. ಹಾಗೆಂದು ಎಲ್ಲರೂ ಹೇಳಿದರು. ಹೊಸ ಕವಾಟ ಗಡಿಯಾರದ ಹಾಗೆ ಮುಚ್ಚಿ ತೆರೆಯುತ್ತಿದೆ ಎಂದರು. ಅಜ್ಜಿ ಮಾತ್ರ ಏಳಲಿಲ್ಲ.

ಮರುದಿನ ಬೆಳಗ್ಗೆಯೂ ಏಳಲಿಲ್ಲ. ಮಂಪರು ಕೊಟ್ಟ ಡಾಕ್ಟರೇ ಹೊರಗೆ ಬಂದು ಬೆಂಚಿನ ಮೇಲೆ ಅವರ ಪಕ್ಕ ಕೂತರು. ನಿದ್ದೆಯಿಲ್ಲದ ಕಣ್ಣು ಕೆಂಪಾಗಿತ್ತು. “ಔಷಧಿ ನಿಲ್ಲಿಸಿ ಬಹಳ ಹೊತ್ತಾಯ್ತು. ಎಲ್ಲ ಪರೀಕ್ಷೆ ಮಾಡಿದೀವಿ. ಎಲ್ಲ ಸರಿಯಾಗೇ ಇದೆ. ವಯಸ್ಸು, ಕಟ್ಟಿದ ಉಸಿರು... ಕೆಲವರು ನಿಧಾನಕ್ಕೆ ಏಳ್ತಾರೆ.”

“ಏಳದಿದ್ರೆ?” ಎಂದ ಸೋದರಮಾವ.

ಡಾಕ್ಟರು ತಲೆ ತಗ್ಗಿಸಿದರು.

“ಯಾರದ್ದು ತಪ್ಪು ಹೇಳಿ. ಯಾರದ್ದೋ ತಪ್ಪಿರ್ಬೇಕಲ್ಲ!” ಸೋದರಮಾವನ ದನಿ ಏರಿತು. ಡಾಕ್ಟರು ತಲೆ ತಗ್ಗಿಸಿಕೊಂಡೇ ಕೂತಿದ್ದರು. ಅವರನ್ನು ಬೈಯಲಾಗದೆ ಅವನು ಮುಗಿಲಿಯತ್ತ ತಿರುಗಿದ. “ನೀನೇ! ನಿನ್ನ ಆ ದರಿದ್ರ ಪುಸ್ತಕ! ಹೆದರಿಸಿ ಹೆದರಿಸಿ ಕೊಂದೆ ನನ್ನಮ್ಮನ್ನ!” ಆಮೇಲೆ ಗೋಡೆಗೆ ಮುಖ ಮಾಡಿ ನಿಂತುಬಿಟ್ಟ. ಮುಗಿಲಿ ಹತ್ತಿರ ಹೋಗಿ, “ಮಾವಾ” ಎಂದಳು.

ಯಜಮಾನರು ಬಸ್ಸಿಳಿದವರು ಮನೆಗೂ ಹೋಗದೆ ಲೈಬ್ರರಿಗೆ ಬಂದಿದ್ದರು. ಮುಗಿಲಿ ಹೋದಾಗ ಮೂಲೆಯ ವಿದ್ಯುತ್ ಒಲೆಯ ಮೇಲೆ ಕೆಟಲ್ ಸಿಳ್ಳು ಹಾಕುತ್ತಿತ್ತು. ಅವರು ಅವಳ ಮುಖವನ್ನೊಮ್ಮೆ ನೋಡಿದರು. ಪುಸ್ತಕವನ್ನು ಎರಡೂ ಕೈಯಲ್ಲಿ ಇಸಿದುಕೊಂಡರು.

“ಅಂಟು ಹಾಕೋದು ಕಲಿಸಿದ್ದು ನಾನೇ,” ಎಂದರು. “ಅಂಚಿಗೆ ಮಾತ್ರ ಅಂತ ಹತ್ತು ಸಲ ಹೇಳಿದ್ದೆ. ನೀನು ಹತ್ತೂ ಸಲ ಕಿಟಕಿ ನೋಡ್ತಿದ್ದೆ.”

ಆವಿಗೆ ಹಿಡಿದರು. ಹಾಳೆ ಬೆವರಿತು, ಮೆತ್ತಗಾಯಿತು. ಮೊಂಡು ಚಾಕುವಿನ ತುದಿಯಿಂದ ಒಂದೊಂದನ್ನೇ, ಗಾಯದ ಪಟ್ಟಿ ಬಿಚ್ಚುವ ಹಾಗೆ, ಬಿಡಿಸುತ್ತ ಹೋದರು. ಮುಗಿಲಿ ಒದ್ದೆ ಹಾಳೆಗಳ ನಡುವೆ ಹಳೆಯ ಪತ್ರಿಕೆ ಇಡುತ್ತಿದ್ದಳು. ಓದಬಾರದೆಂದು ಮುಖ ತಿರುಗಿಸಿಕೊಂಡೇ ಇದ್ದಳು. ಅಜ್ಜಿಗಿಂತ ಮುಂಚೆ ತಾನು ಕೊನೆ ತಿಳಿದುಕೊಂಡರೆ ಅದು ಮೋಸವಾದೀತು ಎಂದು ಅವಳ ಮನಸ್ಸಿಗೆ. ಎಲ್ಲ ಹಾಳೆ ಬಿಟ್ಟವು. ತೀರ ಕೊನೆಯ ಪುಟದ ತೀರ ಕೊನೆಯ ಸಾಲು ಮಾತ್ರ ಹಾಳೆಯ ಮೇಲಿರಲಿಲ್ಲ. ಅದು ಎದ್ದುಹೋಗಿ, ಅದರ ಮೇಲಿದ್ದ ಅಭಿಪ್ರಾಯದ ಹಾಳೆಯ ಬೆನ್ನಿಗೆ ಹತ್ತಿಕೊಂಡಿತ್ತು, ತಿರುಗುಮುರುಗಾಗಿ.

“ಕನ್ನಡಿ ಹಿಡಿದ್ರೆ ಓದೋಕೆ ಬರುತ್ತೆ,” ಎಂದರು ಯಜಮಾನರು. ಆ ಹಾಳೆಯನ್ನು ಬೇರೆಯಾಗಿ ಮಡಿಸದೆ ಪುಸ್ತಕದೊಳಗಿಟ್ಟು, ಮೇಜಿನ ಖಾನೆಯಿಂದ ತಮ್ಮ ಗಡ್ಡ ಹೆರೆಯುವ ಸಣ್ಣ ಕನ್ನಡಿಯನ್ನೂ ತೆಗೆದುಕೊಟ್ಟರು.

ಸಂಜೆ, ನೋಡಲು ಬಿಡುವ ಹೊತ್ತಿಗೆ, ನರ್ಸಮ್ಮ ಮುಗಿಲಿಗೆ ಹಸಿರು ಗೌನು ತೊಡಿಸಿ ದಾರವನ್ನು ಬೆನ್ನ ಹಿಂದೆ ಕಟ್ಟಿದಳು. ಒಳಗೆ ತಣ್ಣಗಿತ್ತು. ಅಜ್ಜಿ ಎಷ್ಟು ಸಣ್ಣಗಾಗಿದ್ದಳೆಂದರೆ ಮಂಚದ ಮೇಲೆ ಯಾರೋ ಬಟ್ಟೆ ಮಡಿಸಿಟ್ಟ ಹಾಗಿತ್ತು. ಬಾಯೊಳಗೆ ಕೊಳವೆ ಇಳಿಸಿ ತುಟಿಯ ಪಕ್ಕ ಪಟ್ಟಿ ಹಚ್ಚಿದ್ದರು. ಪಕ್ಕದ ಯಂತ್ರ ಅವಳ ಪರವಾಗಿ ಉಸಿರಾಡುತ್ತಿತ್ತು.

ಆ ಬಾಯಲ್ಲಿ ಹೂಂ ಎಲ್ಲಿಂದ ಬರಬೇಕು? ಇಟ್ಟುಕೊಂಡಿರುತ್ತೇನೆ ಎಂದವಳ ಬಾಯೇ ಅವಳದ್ದಾಗಿ ಉಳಿದಿರಲಿಲ್ಲ.

“ಮಾತಾಡಿಸು. ಕೆಲವ್ರಿಗೆ ಕೇಳ್ಸುತ್ತೆ,” ಎಂದಳು ನರ್ಸಮ್ಮ.

ಮುಗಿಲಿ ಪುಸ್ತಕ ತೆರೆದಳು. ಆವಿ ಕುಡಿದ ಹಾಳೆಗಳು ಸುಕ್ಕಾಗಿ ಸರಬರ ಸದ್ದು ಮಾಡಿದವು. ಬೇಕೆಂದೇ ಸದ್ದಾಗುವಂತೆ ಪುಟ ತಿರುಗಿಸಿದಳು. “ಅಜ್ಜಿ, ಕೊನೆ ತಂದಿದ್ದೀನಿ. ಈ ಸಲ ನಾನು ಕಟ್ಟಿದ್ದಲ್ಲ.”

ಓದಿದಳು. ಎಂಟು ಎಂದು ನಿಂತ ನರ್ಸಿನ ಉಸಿರು ತಗ್ಗುತ್ತ ಹೋಯಿತು. ಮೆಲುದನಿಯ ಡಾಕ್ಟರು ಗಾಬರಿಯಾದರು. ಔಷಧಿ ನೋಡಿದರು, ಸರಿಯಿತ್ತು. ಯಂತ್ರ ನೋಡಿದರು, ಸರಿಯಿತ್ತು.

ಯಂತ್ರ ಹುಸ್ಸೆಂದಿತು. ಅದನ್ನು ಹೂಂ ಎಂದುಕೊಳ್ಳಲು ಮುಗಿಲಿಯ ಮನಸ್ಸು ಒಪ್ಪಲಿಲ್ಲ. ಹೂಂ ಇಲ್ಲದೆ ಕಥೆ ಮುಂದೆ ಸಾಗಿಸಿ ಅವಳಿಗೆ ಗೊತ್ತೇ ಇರಲಿಲ್ಲ. ದನಿ ನಿಂತಿತು.

“ಹೂಂ,” ಎಂದಿತು ಹಿಂದಿನಿಂದ ಒಂದು ದನಿ. ನರ್ಸಮ್ಮ ಡ್ರಿಪ್ಪಿನ ಬಾಟಲಿ ಬದಲಾಯಿಸುತ್ತ, ತಿರುಗಿ ಕೂಡ ನೋಡದೆ ಕೇಳಿದಳು, “ಆಮೇಲೆ?”

ಮುಗಿಲಿ ಓದಿದಳು. ಡಾಕ್ಟರು ಸುತ್ತಿಗೆ ತರಿಸಿ ಆ ಕೋಣೆಯ ಗೋಡೆಯನ್ನೇ ಒಡೆಸಿದರು. ಗೋಡೆಯೊಳಗೆ ಎರಡು ಕೊಳವೆ. ಒಂದು ಉಸಿರಿನ ಗಾಳಿಯದು, ಇನ್ನೊಂದು ಮಂಪರಿನ ಗಾಳಿಯದು. ಎಂದೋ ಗೋಡೆ ರಿಪೇರಿಗೆ ಬಂದ ಯಾರೋ ಅವೆರಡನ್ನು ಅದಲುಬದಲು ಜೋಡಿಸಿ, ಮೇಲೆ ಸುಣ್ಣ ಬಳಿದು ಹೋಗಿದ್ದ. ಬೇಕೆಂದು ಮಾಡಿದ್ದಲ್ಲ. ಅವನ್ಯಾರೆಂದು ಯಾರಿಗೂ ನೆನಪಿರಲಿಲ್ಲ. ಆಸ್ಪತ್ರೆ ಧಣಿ ಕಳ್ಳನಲ್ಲ, ಡಾಕ್ಟರು ಕೊಲೆಗಾರರಲ್ಲ. ಹಿಡಿದು ತಂದು ನಿಲ್ಲಿಸಲು ಆ ಆಸ್ಪತ್ರೆಯಲ್ಲಿ ಒಬ್ಬ ಕೆಟ್ಟವನೂ ಇರಲಿಲ್ಲ.

“ಹೂಂ,” ಎಂದಳು ನರ್ಸಮ್ಮ. ಈ ಸಲ ಅವಳ ಕೈಯೂ ನಿಂತಿತ್ತು.

ಮುಗಿಲಿಗೆ ಟೈಲರಮ್ಮ ನೆನಪಾದಳು, ಮೇಷ್ಟ್ರು, ಅವರ ಹೆಂಡತಿ ನೆನಪಾದರು. ಗೋಡೆಗೆ ಮುಖ ಹಚ್ಚಿ ನಿಂತ ಸೋದರಮಾವ ನೆನಪಾದ. ಬೈಯಲು ಯಾರೂ ಸಿಗದ ಈ ಕೊನೆಯನ್ನು ಯಾರು ತಾನೇ ನೆನಪಿಟ್ಟುಕೊಂಡಾರು?

ಕೊನೆಯ ಪುಟಕ್ಕೆ ಬಂದಳು. ಡಾಕ್ಟರು ಕೊಳವೆ ಸರಿಮಾಡಿಸಿದರು. ನರ್ಸಿನ ತುಟಿಗೆ ಬಣ್ಣ ಬಂತು, ಕಣ್ಣು ತೆರೆಯಲಿಲ್ಲ. ಉಳಿದವರೆಲ್ಲ ಹೋದ ಮೇಲೂ ಅವರು ಅವಳ ಪಕ್ಕದಲ್ಲೇ ಕೂತರು. ಎಣಿಸುತ್ತ ಕೆಳಗಿಳಿದವಳನ್ನು ಎಣಿಸುತ್ತಲೇ ಮೇಲೆ ಕರೆದುಕೊಂಡು ಬರಬೇಕೆಂದು ಅವರಿಗೆ ತೋಚಿತು. ಅವಳು ನಿಂತ ಮೆಟ್ಟಿಲಿನಿಂದ ಶುರುಮಾಡಿದರು. ‘ಎಂಟು’ ಎಂದರು.

ಪುಟ ಅಲ್ಲಿಗೆ ಬೋಳಾಗಿತ್ತು. ಮುಗಿಲಿ ಅಭಿಪ್ರಾಯದ ಹಾಳೆ ತೆಗೆದು ಅದರ ಬೆನ್ನಿಗೆ ಕನ್ನಡಿ ಹಿಡಿದಳು. ಹಾಳೆಯೂ ಕನ್ನಡಿಯೂ ಒಂದು ನೇರಕ್ಕೆ ಬಾರದೆ ಅಕ್ಷರಗಳು ಕನ್ನಡಿಯೊಳಗೆ ಈಜಿದವು. ನರ್ಸಮ್ಮ ಬಂದು ಅವಳ ಮಣಿಕಟ್ಟು ಹಿಡಿದು ನಿಲ್ಲಿಸಿದಳು.

“‘ಒಂಬತ್ತು’ ಎಂದು ಹೇಳಿ, ಅವರು ಅವಳ ಮುಖವನ್ನೇ ನೋಡುತ್ತ ಕೂತರು,” ಎಂದು ಮುಗಿಲಿ ಓದಿದಳು.

ಅಷ್ಟೇ. ಕನ್ನಡಿಯನ್ನು ಅತ್ತಿತ್ತ ಹೊರಳಿಸಿದಳು. ಅದರಾಚೆ ಮೈದಾ ಅಂಟಿನ ಕಲೆ, ಏನೂ ಇರಲಿಲ್ಲ. ಹತ್ತು ಎಂಬುದನ್ನು ಕಥೆ ಬರೆದವನು ಬರೆದೇ ಇರಲಿಲ್ಲ.

ಅವಳ ನಾಲಿಗೆಯ ತುದಿಗೆ ಆ ಒಂದು ಸಂಖ್ಯೆ ಬಂದು ನಿಂತಿತು. ಸೇರಿಸಿ ಹೇಳಿದರೆ ಯಾರು ಕೇಳುವವರಿದ್ದರು? ಆದರೆ ಮುಗಿಲಿ ಕಟ್ಟಿ ಸೇರಿಸಿದ ಕಥೆಗೆ ಅಜ್ಜಿ ಹೂಂ ಅಂದವಳಲ್ಲ. ಮುಗಿಲಿ ಅದನ್ನು ನುಂಗಿಕೊಂಡಳು.

ಮುದ್ರೆಯ ಮಾತೊಂದು ಬಾಕಿಯಿತ್ತು. ಅದು ಆಗದೆ ಕಥೆ ಮುಗಿದಂತಲ್ಲ, ಕಥೆ ಮುಗಿಯದೆ ಆಣೆ ತೀರಿದಂತಲ್ಲ. ಅವಳು ಪುಸ್ತಕ ಮುಚ್ಚಿ, ಪ್ಲಾಸ್ಟರ್ ಹಾಕಿದ ಆ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು, ಅಜ್ಜಿಯ ಕಿವಿಯ ಹತ್ತಿರ ಬಗ್ಗಿದಳು.

“ಕಥೆಗೆ ಅಗುಳಿ ಹಾಕಿದೆ,” ಎಂದಳು. ಮುಂದಿನ ಅರ್ಧ ಬಾಯಿಗೆ ಬಂದು ಅಲ್ಲೇ ನಿಂತಿತು. ಏಳದೆ ಮಲಗಿದವಳಿಗೆ ಮತ್ತೆ ನಿದ್ದೆಗೆ ಹೇಗೆ ಬಾಗಿಲು ತೆಗೆದಾಳು?

ಯಂತ್ರ ಹುಸ್ಸೆಂದಿತು. ಇನ್ನೊಮ್ಮೆ ಹುಸ್ಸೆಂದಿತು.

“ಈಚೆ ಬರೋಕೆ ಬಾಗಿಲು ತೆಗೆದೇ ಇದೆ ಅಜ್ಜಿ,” ಎಂದಳು ಮುಗಿಲಿ.